ಲೇಪನವು ದುರಸ್ತಿಯಲ್ಲ

ಹಳೆಯ ಪಿಕಪ್ ಗಾಡಿಯ ಮೈಗೆ ತುಕ್ಕು ಹಿಡಿದರೆ ಪುಟ್ಟಿ ತುಂಬಿ, ಉಜ್ಜಿ ನುಣುಪು ಮಾಡಿ, ಮೇಲೆ ಬಣ್ಣ ಹೊಡೆದರೆ ಸಾಕು ಎಂಬ ಮತವು ಸಾಂಗ್ಲಿ-ಮಿರಜ ಸೀಮೆಯಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದೊಂದು ಮತವೆಂಬುದನ್ನೇ ಮರೆತು ಜನರು ಅದನ್ನು ಪ್ರಕೃತಿಯ ನಿಯಮವೆಂದು ನಂಬಿ ನಡೆಯುತ್ತಿದ್ದಾರೆ. ಎರಡು ಪಟ್ಟಣಗಳನ್ನು ಕೂಡಿಸುವ ಹೆದ್ದಾರಿಯ ಮಗ್ಗುಲಲ್ಲಿ, ಕುಪವಾಡದ ಕೈಗಾರಿಕಾ ವಸಾಹತಿನ ಓಣಿಗಳಲ್ಲಿ, ಮಿರಜದಿಂದ ಮ್ಹೈಸಾಳದ ಮೇಲೆ ಹಾಯ್ದು ಕಾಗವಾಡದ ಗಡಿ ಮುಟ್ಟುವ ದಾರಿಯ ಬದಿಯಲ್ಲಿ, ಎಲ್ಲಿಯೇ ಕೇಳಿರಿ, ಬರುವ ಉತ್ತರ ಒಂದೇ: ಪಾಸಿಂಗಿಗೆ, ಅಂದರೆ ಗಾಡಿಯ ಯೋಗ್ಯತೆಯ ಪರೀಕ್ಷೆಗೆ, ಮೊದಲು ಪುಟ್ಟಿ ಹಚ್ಚಿ ಬಣ್ಣ ಹೊಡೆಸಿರಿ. ಮಾಲಕನು ಅದನ್ನೇ ಬೇಡುತ್ತಾನೆ, ಮಿಸ್ತ್ರಿಯು ಅದನ್ನೇ ಮಾಡುತ್ತಾನೆ, ಪರೀಕ್ಷಿಸುವವನು ಅದನ್ನೇ ಒಪ್ಪುತ್ತಾನೆ, ಕೊಳ್ಳುವವನು ಅದನ್ನೇ ಕಂಡು ಮೆಚ್ಚುತ್ತಾನೆ. ನಾಲ್ವರ ಸಮ್ಮತಿಯಿಂದ ನಡೆಯುವ ಈ ಕಾರ್ಯಕ್ಕೆ ದುರಸ್ತಿಯೆಂಬ ಗೌರವದ ಹೆಸರು ಸಲ್ಲುತ್ತಲಿದೆ. ಇದು ದುರಸ್ತಿಯಲ್ಲವೆಂದೂ, ಲೋಹದ ಸ್ವಭಾವಕ್ಕೇ ವಿರುದ್ಧವಾದುದೆಂದೂ, ಮಾಲಕನಿಗೆ ನಷ್ಟವನ್ನೂ ಕೊಳ್ಳುವವನಿಗೆ ವಂಚನೆಯನ್ನೂ ಒಳಗೆ ಕುಳಿತವನಿಗೆ ಅಪಾಯವನ್ನೂ ಕಲಿಯುವ ಹುಡುಗನಿಗೆ ರೋಗವನ್ನೂ ಒಮ್ಮೆಗೇ ತಂದೊಡ್ಡುವ ಅನಾಚಾರವೆಂದೂ ಸ್ಪಷ್ಟವಾಗಿ ಹೇಳುವ ಕಾಲ ಬಂದಿದೆ.

ಈ ಸೀಮೆಯಲ್ಲಿ ಪಿಕಪ್ ಎಂದರೆ ಒಂದು ಸಂಸಾರದ ಅನ್ನ. 1986ರಲ್ಲಿ ಟಾಟಾ 407 ರಸ್ತೆಗಿಳಿದ ಮೇಲೆ, ಅದರ ಬೆನ್ನಿಗೇ ಟಾಟಾಮೊಬೈಲ್ ಬಂದ ಮೇಲೆ, ಮುಂದೆ ಮಹೀಂದ್ರ ಪಿಕಪ್ಪುಗಳೂ 2005ರಿಂದೀಚೆಗೆ ಟಾಟಾ ಏಸ್ ಗಾಡಿಗಳೂ ಹಳ್ಳಿಹಳ್ಳಿಯನ್ನು ಹೊಕ್ಕ ಮೇಲೆ, ತಾಸಗಾವದ ದ್ರಾಕ್ಷಿ, ಜತ್ತದ ದಾಳಿಂಬೆ, ಸಾಂಗ್ಲಿ ಪೇಟೆಗೆ ಬರುವ ಅರಿಸಿನ, ಅಥಣಿ-ರಾಯಬಾಗಗಳ ಬೆಲ್ಲ, ಮಿರಜದ ರೈಲು ನಿಲ್ದಾಣದಿಂದ ಹೊರಡುವ ಗೊಬ್ಬರದ ಚೀಲ, ಎಲ್ಲವೂ ಈ ಗಾಡಿಗಳ ಬೆನ್ನೇರಿಯೇ ಸಾಗುತ್ತವೆ. ಸಾಲ ತೀರಿದ ಹಳೆಯ ಪಿಕಪ್ಪು ಎರಡು ಎಕರೆ ಭೂಮಿಯವನಿಗೆ ಮೂರನೆಯ ಎಕರೆ ಇದ್ದಂತೆಯೇ ಸರಿ. ಇಂಥ ಗಾಡಿಯ ಮೈ ಕೊಳೆಯುತ್ತಿರುವಾಗ ಅದನ್ನು ಹೇಗೆ ಉಳಿಸಬೇಕೆಂಬ ಪ್ರಶ್ನೆಯನ್ನು ಅಂದಚೆಂದದ ಪ್ರಶ್ನೆಯೆಂದು ಬದಿಗೆ ಸರಿಸಲಾಗದು.

ಈ ಮತದ ಮೊದಲನೆಯ ಆಧಾರವು, ತುಕ್ಕೆಂಬುದು ಮೇಲ್ಮೈಯ ಕಲೆ ಎಂಬ ಭಾವನೆ. ಇದಕ್ಕಿಂತ ದೊಡ್ಡ ಭ್ರಾಂತಿ ಬೇರೊಂದಿಲ್ಲ. ನೀರೂ ಆಮ್ಲಜನಕವೂ ಕೂಡಿದಲ್ಲಿ ಕಬ್ಬಿಣವು ತನ್ನ ಲೋಹತ್ವವನ್ನು ಕಳೆದುಕೊಂಡು ಜಲಯುಕ್ತ ಆಕ್ಸೈಡಾಗಿ ಪರಿಣಮಿಸುತ್ತದೆ. ಅಲ್ಯುಮಿನಿಯಮ್ಮಿನ ಮೇಲೆ ಕಟ್ಟುವ ಆಕ್ಸೈಡಿನ ಪದರವು ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ; ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ಸಡಿಲವೂ ಸಚ್ಛಿದ್ರವೂ ಆಗಿರುವುದರಿಂದ ತೇವವನ್ನು ಹೀರಿ ಹಿಡಿದಿಟ್ಟುಕೊಂಡು, ಕೆಳಗಿನ ಹೊಸ ಲೋಹಕ್ಕೆ ಅದನ್ನು ಉಣಿಸುತ್ತ ಹೋಗುತ್ತದೆ. ಅಷ್ಟೇ ಅಲ್ಲದೆ, ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ, ಕೆಲವು ರೂಪಗಳಲ್ಲಿ ಆರು ಪಟ್ಟಿನವರೆಗೆ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ, ತನ್ನ ಮೇಲಿರುವ ಯಾವ ಲೇಪವನ್ನಾದರೂ ಒಳಗಿನಿಂದ ಎತ್ತಿ ಸೀಳಿ ಒಗೆಯಬಲ್ಲುದು. ಒಂದು ಮಿಲಿಮೀಟರಿನ ಆಸುಪಾಸಿನ ದಪ್ಪವುಳ್ಳ ತಗಡಿನಲ್ಲಿ ಇಂಥ ವ್ಯಾಪಾರವು ನಡೆಯುತ್ತಿರುವಾಗ, ಅದನ್ನು ಕಲೆಯೆಂದು ಕರೆದು ಕಣ್ಮರೆ ಮಾಡಿದ ಮಾತ್ರಕ್ಕೆ ನಿಂತುಹೋದೀತೆಂದು ನಂಬುವುದು ಯಾವ ವಿವೇಕ?

ಎರಡನೆಯ ಭ್ರಾಂತಿಯು ತುಕ್ಕಿನ ದಿಕ್ಕನ್ನು ಕುರಿತದ್ದು. ಬಾಗಿಲ ಕೆಳಯಂಚು, ಬಾಗಿಲ ಕೆಳಗಿನ ಪೆಟ್ಟಿಗೆತೊಲೆ, ಚಕ್ರದ ಮೇಲಿನ ಕಮಾನಿನ ತುಟಿ, ಕ್ಯಾಬಿನ್ನಿನ ಹಿಂಬದಿಯ ಮೂಲೆ, ಸರಕು ಹೊರುವ ಹೌದೆಯ ನೆಲವೂ ಪಕ್ಕದ ಹಲಗೆಯೂ ಕೂಡುವ ಸಂದು, ಇವೇ ಪಿಕಪ್ಪಿನಲ್ಲಿ ಮೊದಲು ಕೊಳೆಯುವ ಜಾಗಗಳು. ಇವೆಲ್ಲವೂ ಎರಡು ತಗಡುಗಳು ಒಂದರ ಮೇಲೊಂದು ಮಡಿಸಿಕೊಂಡಿರುವ ಜಾಗಗಳೋ ಒಳಗೆ ಟೊಳ್ಳಿರುವ ಜಾಗಗಳೋ ಆಗಿವೆ. ನೀರು ಇಳಿದುಹೋಗಲೆಂದು ಗಾಡಿ ಕಟ್ಟಿದವರು ಅಲ್ಲಲ್ಲಿ ಸಣ್ಣ ರಂಧ್ರಗಳನ್ನು ಬಿಟ್ಟಿರುತ್ತಾರೆ. ಕೃಷ್ಣೆಯ ದಂಡೆಯ ಕರಿಮಣ್ಣು ಅವನ್ನು ಮುಚ್ಚಿಬಿಟ್ಟಿತೆಂದರೆ, ಹೊಕ್ಕ ನೀರು ಹೊರಬೀಳುವ ದಾರಿ ಕಾಣದೆ ತಿಂಗಳುಗಟ್ಟಲೆ ಅಲ್ಲಿಯೇ ನಿಲ್ಲುತ್ತದೆ. ಆದುದರಿಂದ ತುಕ್ಕು ಒಳಗೆ ಹುಟ್ಟಿ ಹೊರಗೆ ಬರುತ್ತದೆ. ಬಣ್ಣದ ಮೇಲೆ ಬೆರಳುಗುರಿನಷ್ಟು ಗುಳ್ಳೆ ಕಾಣಿಸಿತೆಂದರೆ, ಆ ಜಾಗದಲ್ಲಿ ತಗಡು ಹಿಂದಿನಿಂದ ಬಹುಮಟ್ಟಿಗೆ ತಿಂದುಹೋಗಿದೆಯೆಂದೇ ತಿಳಿಯತಕ್ಕುದು. ಹೊರಮೈಗೆ ಪುಟ್ಟಿ ಹಚ್ಚುವವನು ರೋಗವಿಲ್ಲದ ಬದಿಗೆ ಔಷಧವನ್ನು ಬಳಿಯುತ್ತಿದ್ದಾನೆ. ಶತಮಾನಕ್ಕೂ ಹಿಂದೆ ಡಾಕ್ಟರ್ ವಾನ್ಲೆಸ್ಸರು ಆಸ್ಪತ್ರೆ ಕಟ್ಟಿದಂದಿನಿಂದ ಉತ್ತರ ಕರ್ನಾಟಕದ ರೋಗಿಗಳು ಶಸ್ತ್ರಚಿಕಿತ್ಸೆಗೆಂದು ಹೋಗುತ್ತಿರುವ ಊರು ಮಿರಜ. ಅಲ್ಲಿಯ ಯಾವ ವೈದ್ಯನಾದರೂ ಸತ್ತ ಮಾಂಸವನ್ನು ಒಳಗೇ ಬಿಟ್ಟು ಮೇಲೆ ಚರ್ಮವನ್ನು ಹೊಲಿದಾನೆಯೆ? ಅದೇ ಊರಿನ ಗ್ಯಾರೇಜಿನಲ್ಲಿ ಅದೇ ಕೆಲಸವನ್ನು ತಗಡಿಗೆ ಮಾಡಿದಾಗ ನಾವು ಹಣ ಕೊಟ್ಟು ನಮಸ್ಕರಿಸಿ ಬರುತ್ತೇವೆ.

ಇನ್ನು ಪುಟ್ಟಿಯೆಂಬುದಾದರೂ ಏನು? ಪಾಲಿಯೆಸ್ಟರ್ ರಾಳಕ್ಕೆ ಬಳಪದ ಕಲ್ಲಿನ ಪುಡಿಯನ್ನು ಬೆರೆಸಿ, ಗಟ್ಟಿಯಾಗಲು ಪೆರಾಕ್ಸೈಡಿನ ಲೇಹವನ್ನು ಕಲಸಿ ಹಚ್ಚುವ ವಸ್ತು ಅದು. ಒಳ್ಳೆಯ ಲೋಹದ ಮೇಲೆ ಎರಡು ಮೂರು ಮಿಲಿಮೀಟರಿಗೆ ಮೀರದಂತೆ ಸವರಿ, ಸುತ್ತಿಗೆಯ ಗುರುತುಗಳನ್ನು ಸಮಮಾಡುವುದಕ್ಕಾಗಿ ಅದು ಹುಟ್ಟಿದೆ. ರಂಧ್ರವನ್ನು ತುಂಬುವುದಕ್ಕಲ್ಲ, ಭಾರವನ್ನು ಹೊರುವುದಕ್ಕಂತೂ ಅಲ್ಲವೇ ಅಲ್ಲ. ಅದು ನೀರನ್ನು ಹೀರುತ್ತದೆ. ಹಿಂದಿನಿಂದ ಬಯಲಾಗಿರುವ ಪುಟ್ಟಿಯು ಮಳೆಗಾಲವಿಡೀ ತೇವವನ್ನು ಎಳೆದುಕೊಂಡು ಸುತ್ತಣ ಒಳ್ಳೆಯ ತಗಡಿನ ಅಂಚಿಗೆ ಅದನ್ನು ಒತ್ತಿ ಹಿಡಿಯುತ್ತದೆ. ಅಂದರೆ ಪುಟ್ಟಿ ತುಂಬುವುದರಿಂದ ತುಕ್ಕು ನಿಲ್ಲುವುದಿಲ್ಲವೆಂದಷ್ಟೇ ಹೇಳಿದರೆ ಸಾಲದು; ತುಂಬದೆ ಬಿಟ್ಟಿದ್ದರೆ ಗಾಳಿಗೆ ಒಣಗಿಯಾದರೂ ಉಳಿಯಬಹುದಾಗಿದ್ದ ಅಂಚನ್ನು ಅದು ಬೇಗನೆ ಕೊಲ್ಲುತ್ತದೆಂದು ಹೇಳಬೇಕು. ಗಾಡಿಯ ತಳಕ್ಕೆ ತುಕ್ಕಿನ ಮೇಲೆಯೇ ಡಾಂಬರು ಲೇಪವನ್ನು ಬಳಿಸುವವರದೂ ಇದೇ ಗತಿ. ಕೆಳಗೆ ಸಿಕ್ಕಿಬಿದ್ದ ತೇವಕ್ಕೆ ಆ ಲೇಪವು ಗಟ್ಟಿಯಾದ ಮುಚ್ಚಳವಾಗುತ್ತದೆ, ಲೋಹದ ಅವಸಾನವು ಯಾರ ಕಣ್ಣಿಗೂ ಬೀಳದಂತೆ ನಡೆಯುತ್ತದೆ.

ಮಾತಿನಲ್ಲಿ ನಂಬಿಕೆಯಿಲ್ಲದವರು ಇಂಥ ಗಾಡಿಯೊಂದರ ಹಿಂಚಕ್ರದ ಕಮಾನನ್ನು ಬಿಚ್ಚಿಸಿ ನೋಡಬೇಕು. ಮೇಲೆ ಕನ್ನಡಿಯಂತೆ ಹೊಳೆಯುವ ಬಿಳಿಯ ಬಣ್ಣ. ಉಳಿಯ ಮೊನೆಯನ್ನಿಟ್ಟು ಒಂದು ಪೆಟ್ಟು ಹಾಕಿದೊಡನೆ ಲೋಹದ ನಾದವು ಬರುವುದಕ್ಕೆ ಬದಲಾಗಿ ಮಣ್ಣಿನ ಹೆಂಟೆಯನ್ನು ಕುಟ್ಟಿದಂಥ ಮಂದವಾದ ಸದ್ದು ಬರುತ್ತದೆ, ಅಂಗೈಯಗಲದ ಹಲ್ಲೆಯೊಂದು ಸಿಡಿದು ಬೀಳುತ್ತದೆ. ಅದರ ಕಡಿದ ಅಂಚಿನಲ್ಲಿ ಪದರಗಳನ್ನು ಎಣಿಸಬಹುದು: ಹೋದ ವರ್ಷದ ಬಿಳಿ, ಅದರ ಕೆಳಗೆ ತೆಳುವಾದ ಬೂದು ಪ್ರೈಮರ್, ಅದರ ಕೆಳಗೆ ಬೆರಳು ದಪ್ಪದ ಪುಟ್ಟಿ, ಅದಕ್ಕೂ ಹಿಂದಿನ ಪಾಸಿಂಗಿನ ನೀಲಿ, ಮತ್ತೊಂದು ಪುಟ್ಟಿ. ಪುಟ್ಟಿಯು ಟೊಳ್ಳಿನೊಳಗೆ ಬಿದ್ದುಹೋಗದಂತೆ ಆನಿಕೆಗೆಂದು ತುರುಕಿದ ವೃತ್ತಪತ್ರಿಕೆಯ ಉಂಡೆ, ಗೋಣಿಚೀಲದ ತುಂಡು, ತಂತಿಯ ಜಾಲರಿ ಹಿಂದೆ ಸಿಗುತ್ತವೆ. ಮುಟ್ಟಿದರೆ ಅವಿನ್ನೂ ಒದ್ದೆಯಾಗಿರುತ್ತವೆ. ತಗಡಿರಬೇಕಾಗಿದ್ದ ಜಾಗದಲ್ಲಿ ಕಂದುಬಣ್ಣದ ಚಕ್ಕೆಗಳ ರಾಶಿ. ಈ ಗಾಡಿಗೆ ಯೋಗ್ಯತಾಪತ್ರವಿರುತ್ತದೆ, ಇದನ್ನು ದುರಸ್ತಿ ಮಾಡಿಸಿದ ಹೆಮ್ಮೆ ಮಾಲಕನಿಗಿರುತ್ತದೆ.

ಎಲ್ಲ ಊರುಗಳಲ್ಲಿಯೂ ತುಕ್ಕು ಹಿಡಿಯುತ್ತದೆ, ನಮ್ಮಲ್ಲಿ ಮಾತ್ರವೇನು ವಿಶೇಷ ಎಂದು ಕೇಳುವವರಿದ್ದಾರೆ. ವಿಶೇಷವಿದೆ. ಕಬ್ಬಿನ ಸೀಮೆಯ ಪಿಕಪ್ಪು ಹೊರುವ ಪೊಟ್ಯಾಷ್ ಗೊಬ್ಬರವು ಪೊಟ್ಯಾಸಿಯಂ ಕ್ಲೋರೈಡ್. ಅದರ ತೂಕದಲ್ಲಿ ಅರ್ಧದ ಹತ್ತಿರ ಕ್ಲೋರೈಡೇ ಇರುತ್ತದೆ. ಚೀಲದಿಂದ ಉದುರಿ ಹೌದೆಯ ಸಂದಿಗಿಳಿದ ಒಂದು ಹಿಡಿ ಗೊಬ್ಬರವು ಗಾಳಿಯ ತೇವವನ್ನು ಎಳೆದುಕೊಂಡು ತಾನೇ ಉಪ್ಪುನೀರಾಗಿ ನಿಲ್ಲುತ್ತದೆ, ಸಮುದ್ರದಂಡೆಯ ಗಾಡಿಗೆ ಒದಗುವ ದುರ್ಗತಿಯನ್ನು ಕಡಲೇ ಕಾಣದ ನಾಡಿಗೆ ತರುತ್ತದೆ. ದ್ರಾಕ್ಷಿಯ ತೋಟಕ್ಕೆ ಸುಣ್ಣದೊಡನೆ ಬೆರೆಸಿ ಸಿಂಪಡಿಸುವ ಮೈಲುತುತ್ತದ ದ್ರಾವಣ ತಗಡಿನ ಮೇಲೆ ಚೆಲ್ಲಿದರೆ ತಾಮ್ರವು ಅಂಟಿಕೊಂಡು ಕಬ್ಬಿಣವು ಕರಗುತ್ತದೆ. ಬೆಲ್ಲದ ಅಂಟು, ಸಗಣಿಗೊಬ್ಬರದ ಹಸಿ, ಕರಿಮಣ್ಣಿನ ತೇವ ಇವೆಲ್ಲವೂ ಜೊತೆಗೆ. ಇಷ್ಟು ಶತ್ರುಗಳ ನಡುವೆ ದುಡಿಯುವ ಗಾಡಿಗೆ ವರ್ಷಕ್ಕೊಂದು ಸಲ ಬಣ್ಣವೇ ರಕ್ಷಣೆಯೆಂದು ಹೇಳುವವರು, ಪೀಪಾಯಿಗಟ್ಟಲೆ ನೀರಿನಿಂದ ಹೌದೆಯನ್ನು ತೊಳೆದು, ರಂಧ್ರಗಳನ್ನು ಕಡ್ಡಿಯಿಂದ ಬಿಡಿಸಿರೆಂಬ ಖರ್ಚಿಲ್ಲದ ಒಂದು ಮಾತನ್ನಾದರೂ ಯಾವ ಮಾಲಕನಿಗೂ ಹೇಳುವುದಿಲ್ಲವಲ್ಲ!

ಇವೆಲ್ಲಕ್ಕೂ ಮೇಲಾದುದು ಮಹಾಪೂರ. 2005ರಲ್ಲಿ ಕೃಷ್ಣೆಯು ಸಾಂಗ್ಲಿಯ ಬಳಿಯ ಹರಿಪುರದ ಅರಿಸಿನದ ನೆಲಹಗೇವುಗಳಿಗೆ ನುಗ್ಗಿದ್ದನ್ನು ಹಿರಿಯರು ಮರೆತಿಲ್ಲ. 2019ರ ಆಗಸ್ಟಿನಲ್ಲಿ, 45 ಅಡಿಗೇ ಅಪಾಯದ ಮಟ್ಟವೆಂದು ಗೊತ್ತುಪಡಿಸಿರುವ ಸಾಂಗ್ಲಿಯ ಇರ್ವಿನ್ ಸೇತುವೆಯ ಬಳಿ ನೀರು 57 ಅಡಿಯನ್ನು ದಾಟಿ ಏರಿತು; 2021ರ ಜುಲೈಯಲ್ಲಿ ಮತ್ತೆ ಊರೊಳಕ್ಕೆ ಬಂದಿತು. ಅಂಗಳದಲ್ಲಿ ನಿಂತ ಗಾಡಿಗಳು ದಿನಗಟ್ಟಲೆ ಕೆಸರುನೀರಿನಲ್ಲಿ ನೆನೆದುವು. ನೀರು ಇಳಿದ ಮೇಲೆ ಜನರು ಎಂಜಿನ್ನನ್ನು ಬಿಚ್ಚಿದರು, ಎಣ್ಣೆಯನ್ನು ಬದಲಾಯಿಸಿದರು, ವೈರುಗಳನ್ನು ಒಣಗಿಸಿದರು. ಆದರೆ ಪೆಟ್ಟಿಗೆತೊಲೆಯೊಳಗೆ, ಬಾಗಿಲ ಹೊಟ್ಟೆಯೊಳಗೆ, ಚಾಸಿಯ ಟೊಳ್ಳಿನೊಳಗೆ ಕೂತ ಹೂಳನ್ನು ಜೋರಾದ ನೀರಿನಿಂದ ಹೊರಹಾಕಿದವರು ವಿರಳ. ಆ ಹೂಳು ಅಂದಿನಿಂದ ತೇವವನ್ನು ಹಿಡಿದುಕೊಂಡು ಕೂತಿದೆ. ಮುಳುಗಿದ ಗಾಡಿಗಳಲ್ಲಿ ಎಷ್ಟೋ ಮುಂದೆ ಗುಳ್ಳೆಯೆದ್ದುವು, ಪುಟ್ಟಿ ಕಂಡುವು, ಬಣ್ಣ ಕಂಡುವು, ಕೈ ಬದಲಾಯಿಸಿದುವು. ನೀರಿನಲ್ಲಿ ಮುಳುಗಿದ ಸಂಗತಿಯನ್ನು ಬಣ್ಣದ ಕೆಳಗೆ ಹೂತು ಮಾರುವುದು ವ್ಯಾಪಾರವೆನಿಸಿಕೊಂಡೀತೆ?

ಈ ವಂಚನೆಗೆ ಬಲಿಯಾಗುವವರು ಯಾರೆಂಬುದನ್ನು ನಾವು ಕನ್ನಡಿಗರು ನೆನೆಯಬೇಕು. ಕಾಗವಾಡ, ಅಥಣಿ, ಶೇಡಬಾಳ, ಉಗಾರ, ಜತ್ತ, ಈ ಭಾಗದ ಕನ್ನಡ ಮಾತಾಡುವ ರೈತನಿಗೆ ಮಿರಜ-ಸಾಂಗ್ಲಿಯೇ ಹತ್ತಿರದ ದೊಡ್ಡ ಪೇಟೆ. ಆಸ್ಪತ್ರೆಗೆ ಅಲ್ಲಿಗೆ, ಅರಿಸಿನ ಮಾರಲು ಅಲ್ಲಿಗೆ, ಗಾಡಿ ಕೊಳ್ಳಲೂ ಅಲ್ಲಿಗೆ. ಹೊಸ ಗಾಡಿಯ ಶಕ್ತಿಯಿಲ್ಲದವನು, ಮಗಳ ಮದುವೆಗೆ ಕೂಡಿಟ್ಟುದನ್ನೋ ಸಹಕಾರಿ ಸಂಘದ ಸಾಲವನ್ನೋ ಹಿಡಿದುಕೊಂಡು ಬಂದು, ಹೊಳೆಯುವ ಮೈಯನ್ನು ನೋಡಿ, ಟೈರನ್ನು ಒದ್ದು, ಎಂಜಿನ್ನಿನ ಸದ್ದನ್ನು ಕೇಳಿ ವ್ಯವಹಾರ ಮುಗಿಸುತ್ತಾನೆ. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲ ಕೆಳಯಂಚು ಉದುರುತ್ತದೆ, ಎರಡನೆಯ ಮಳೆಗಾಲದಲ್ಲಿ ಕಾಲಿಡುವ ನೆಲ ಕುಸಿಯುತ್ತದೆ. ಅವನು ದೂರಲು ಯಾರ ಬಳಿಗೆ ಹೋಗಬೇಕು? ಮಾರಿದವನು 'ನೀವೇ ನೋಡಿ ಕೊಂಡಿರಲ್ಲ' ಎನ್ನುತ್ತಾನೆ. ನೋಡುವ ಕಣ್ಣಿಗೆ ಸುಳ್ಳನ್ನು ಉಣಿಸಿ, ನೋಡಿದುದಕ್ಕೆ ಅವನನ್ನೇ ಹೊಣೆಮಾಡುವ ಈ ನ್ಯಾಯವನ್ನು ಎಷ್ಟು ಕಾಲ ಸಹಿಸೋಣ?

ಅಪಾಯದ ಮಾತಿಗೆ ಬರೋಣ. ಮೈಯ ತಗಡು ಅಲಂಕಾರಕ್ಕಿದೆ, ಭಾರವನ್ನೆಲ್ಲ ಚಾಸಿಯೇ ಹೊರುತ್ತದೆ ಎಂಬುದು ಪುಟ್ಟಿಯ ಪಕ್ಷದವರು ಬಹು ಆತ್ಮವಿಶ್ವಾಸದಿಂದ ಹೇಳುವ ಮಾತು. ಹಾಗಾದರೆ ಕ್ಯಾಬಿನ್ನು ಚಾಸಿಯ ಮೇಲೆ ಕೂರುವ ಆಧಾರಗಳು ಎಲ್ಲಿ ಬೆಸೆದುಕೊಂಡಿವೆ? ಚಾಲಕನ ಸೀಟಿನ ಬೋಲ್ಟುಗಳು, ಸೀಟ್‌ಬೆಲ್ಟಿನ ಕೊಂಡಿ ಯಾವುದನ್ನು ಕಚ್ಚಿಕೊಂಡಿವೆ? ಬಾಗಿಲ ತಿರುಗಣಿ ಯಾವ ಕಂಬಕ್ಕೆ ಜೋತಿದೆ? ಒಂದೂವರೆ ಟನ್ನಿನ ಹೊರೆಯನ್ನು ಹೌದೆಯ ನೆಲದಿಂದ ಚಾಸಿಗೆ ಒಯ್ಯುವ ಅಡ್ಡಪಟ್ಟಿಗಳು ಯಾವುವು? ಎಲ್ಲವೂ ಈ ತಗಡೇ. ಅದು ಕೊಳೆತು ಪುಟ್ಟಿಯಾಗಿ ಉಳಿದಿರುವ ಗಾಡಿ ತಿರುವಿನಲ್ಲಿ ಇನ್ನೊಂದಕ್ಕೆ ತಾಗಿದಾಗ, ಸೀಟ್‌ಬೆಲ್ಟು ಹರಿಯುವುದಿಲ್ಲ, ಅದನ್ನು ಹಿಡಿದ ನೆಲವೇ ಕಿತ್ತುಬರುತ್ತದೆ. ಅಪಘಾತವೇ ಆಗಬೇಕೆಂದಿಲ್ಲ. ಕ್ಯಾಬಿನ್ನಿನ ನೆಲದಲ್ಲಿ ಬಿದ್ದ ತೂತುಗಳ ಮೇಲೆ ರಬ್ಬರಿನ ಹಾಸನ್ನು ಹಾಸಿ ಮುಚ್ಚಿದ ಗಾಡಿಯಲ್ಲಿ, ಕೆಳಗೆ ಸೋರುವ ಹೊಗೆಕೊಳವೆಯಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಕ್ಕೆ ಏರಬಲ್ಲುದು. ಚಳಿಗಾಲದ ರಾತ್ರಿ ಗಾಜುಗಳನ್ನೆತ್ತಿಕೊಂಡು ದ್ರಾಕ್ಷಿಯನ್ನು ದೂರದ ಪೇಟೆಗೆ ಒಯ್ಯುವ ಚಾಲಕನಿಗೆ ಬರುವ ತೂಕಡಿಕೆ ದಣಿವಿನದೋ ವಿಷದ್ದೋ ಎಂದು ಯಾರು ಹೇಳಬಲ್ಲರು?

ಪಾಸಿಂಗ್ ಆಯಿತಲ್ಲ, ಸರಕಾರವೇ ಒಪ್ಪಿತಲ್ಲ ಎಂಬುದು ಮುಂದಿನ ವಾದ. 1988ರ ಮೋಟಾರು ವಾಹನ ಕಾಯದೆಯು ಸಾಗಾಟದ ಗಾಡಿಗಳಿಗೆ ಯೋಗ್ಯತಾಪತ್ರವನ್ನು ವಿಧಿಸಿದುದು ರಸ್ತೆಯ ಮೇಲಿನ ಜೀವಗಳ ರಕ್ಷಣೆಗಾಗಿ. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆಯೂ ಆಮೇಲೆ ಪ್ರತಿವರ್ಷವೂ ಪರೀಕ್ಷೆ ನಡೆಯಬೇಕೆಂಬ ನಿಯಮದ ಅಂತರಂಗವು, ಹಳೆಯ ಗಾಡಿಯನ್ನು ಹೆಚ್ಚು ಎಚ್ಚರದಿಂದ ನೋಡಿರಿ ಎಂಬುದೇ ಆಗಿದೆ. ನಾವು ಅದನ್ನು ತಲೆಕೆಳಗು ಮಾಡಿದ್ದೇವೆ. ಪ್ರತಿವರ್ಷ ಪರೀಕ್ಷೆಯೆಂದರೆ ಪ್ರತಿವರ್ಷ ಪುಟ್ಟಿಯೆಂದು ಅರ್ಥಮಾಡಿಕೊಂಡು, ಒಂದು ಪಾಸಿಂಗಿನಿಂದ ಇನ್ನೊಂದು ಪಾಸಿಂಗಿನವರೆಗೆ ಬಾಳುವುದೇ ದುರಸ್ತಿಯ ಆಯುಷ್ಯವೆಂದು ನಿಶ್ಚಯಿಸಿಕೊಂಡಿದ್ದೇವೆ. ಹದಿನೈದು ವರ್ಷ ದಾಟಿದ ಗಾಡಿಗಳ ಶುಲ್ಕವನ್ನು 2022ರ ಏಪ್ರಿಲ್ 1ರಿಂದ ಬಹಳವಾಗಿ ಏರಿಸಿದ ಮೇಲಂತೂ, ಶುಲ್ಕಕ್ಕೆ ಹೋದ ಹಣವನ್ನು ತಗಡಿನಲ್ಲಿ ಉಳಿಸೋಣವೆಂಬ ಆಸೆ ಬಲವಾಗಿದೆ. ಕಣ್ಣಿನಿಂದ ಮಾತ್ರ ನೋಡಿ, ಸುತ್ತಿಗೆಯಿಂದ ಒಮ್ಮೆಯೂ ತಟ್ಟದೆ, ಗಾಡಿಯ ಕೆಳಗೆ ಬಗ್ಗದೆ ಕೊಟ್ಟ ಯೋಗ್ಯತಾಪತ್ರವು ಯಾರ ಯೋಗ್ಯತೆಯನ್ನು ಸಾರುತ್ತದೆ?

ಖರ್ಚು ಕಡಿಮೆಯೆಂಬ ವಾದವು ಎಲ್ಲಕ್ಕಿಂತ ಜನಪ್ರಿಯವಾದುದು, ಎಲ್ಲಕ್ಕಿಂತ ಪೊಳ್ಳಾದುದು. ಒಂದು ಸಲದ ಪುಟ್ಟಿಯ ಬೆಲೆಯನ್ನು ಒಂದು ಸಲದ ಹೊಸ ತಗಡಿನ ಬೆಲೆಯೊಡನೆ ತೂಗಿದರೆ ಪುಟ್ಟಿಯು ಅಗ್ಗವೆಂದು ಕಾಣುವುದು ಸಹಜ. ಆದರೆ ಕತ್ತರಿಸಿ ಬೆಸೆದ ತಗಡು ಗಾಡಿಯ ಉಳಿದ ಆಯುಷ್ಯಪೂರ್ತಿ ನಿಲ್ಲುವಂಥದು. ಪುಟ್ಟಿಯೋ ವರ್ಷವರ್ಷವೂ ಮರಳಿ ಬೇಡುವಂಥದು. ಅದಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿದೆ. ಮೊದಲ ವರ್ಷ ಅಂಗೈಯಗಲದ ತುಂಡಿನಿಂದ ತೀರುತ್ತಿದ್ದ ಕೆಲಸವು, ಮುಚ್ಚಿಟ್ಟ ಫಲವಾಗಿ ಮೂರನೆಯ ವರ್ಷಕ್ಕೆ ಮೊಳದುದ್ದದ ಪಟ್ಟಿಯನ್ನು ಬೇಡುತ್ತದೆ, ಐದನೆಯ ವರ್ಷಕ್ಕೆ ಇಡೀ ಪಕ್ಕವನ್ನೇ ನುಂಗಿರುತ್ತದೆ. ಆಗ ಅದೇ ಮಿಸ್ತ್ರಿಯು ಅದೇ ಮಾಲಕನಿಗೆ 'ಇದರಲ್ಲಿ ಇನ್ನೇನೂ ಉಳಿದಿಲ್ಲ, ಗುಜರಿಗೆ ಹಾಕಿರಿ' ಎಂದು ಬುದ್ಧಿ ಹೇಳುತ್ತಾನೆ. ಉಳಿಯಬಹುದಾಗಿದ್ದ ಗಾಡಿಯನ್ನು ವರ್ಷವರ್ಷವೂ ಹಣ ತೆತ್ತು ಕೊಲ್ಲಿಸಿಕೊಂಡವನಿಗೆ ಮಿತವ್ಯಯದ ಹೆಸರನ್ನು ಕೊಡಬಹುದೆ?

ಇಲ್ಲಿ ಗುಜರಿಯ ಪಕ್ಷದವರಿಗೂ ಒಂದು ಮಾತು ಹೇಳಲೇಬೇಕಾಗಿದೆ. ತುಕ್ಕು ಕಂಡೊಡನೆ ಮಾರಿಬಿಡಿರಿ, ಹೊಸದನ್ನು ಕೊಳ್ಳಿರಿ ಎಂದು ಉಪದೇಶಿಸುವ ಇವರು ಪುಟ್ಟಿಯವರ ವೈರಿಗಳಂತೆ ತೋರಿದರೂ ವಾಸ್ತವದಲ್ಲಿ ಅವರ ಒಡಹುಟ್ಟಿದವರೇ. ಇಬ್ಬರೂ ಬಿಚ್ಚಿ ನೋಡುವುದಿಲ್ಲ. ಒಬ್ಬನು ನೋಡದೆ ಮುಚ್ಚುತ್ತಾನೆ, ಇನ್ನೊಬ್ಬನು ನೋಡದೆ ಎಸೆಯುತ್ತಾನೆ. ಚಾಸಿಯೇ ತಿಂದುಹೋಗಿದ್ದರೆ ಆ ಗಾಡಿಯನ್ನು ಪ್ರಾಮಾಣಿಕವಾಗಿ ಒಡೆಯಲು ಕಳುಹಿಸತಕ್ಕುದು, ಅದರಲ್ಲಿ ವಾದವಿಲ್ಲ. ಆದರೆ ಚಾಸಿ ಗಟ್ಟಿಯಾಗಿದ್ದು, ಎಂಜಿನ್ನು ದುಡಿಯುತ್ತಿದ್ದು, ಮೈಯ ತಗಡು ಮಾತ್ರ ಕೊಳೆತಿರುವ ಪಿಕಪ್ಪಿನಲ್ಲಿ ಕೆಟ್ಟಿರುವುದು ಗಾಡಿಯ ಅತ್ಯಂತ ಅಗ್ಗದ ಭಾಗ. ಅದಕ್ಕಾಗಿ ರೈತನನ್ನು ಐದು ವರ್ಷದ ಕಂತಿನ ಸಾಲಕ್ಕೆ ನೂಕುವುದು ಯಾವ ಬಗೆಯ ಹಿತಚಿಂತನೆ?

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕುದಿಸುವುದು ಈ ಮತವು ಕಸುಬಿಗೆ ಮಾಡಿರುವ ದ್ರೋಹ. ಕಬ್ಬಿಣದ ಕೆಲಸಕ್ಕೆ ಹೆಸರಾದ ನೆಲವಿದು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಔಂಧ ಸಂಸ್ಥಾನದ ಬರಡು ಬಯಲಿನಲ್ಲಿ, ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯಲ್ಲಿ, ಕಾರ್ಖಾನೆಯನ್ನು ಕಟ್ಟಿ, ಮರದ ರಂಟೆಯ ನಾಡಿಗೆ ಕಬ್ಬಿಣದ ನೇಗಿಲನ್ನು ಕೊಟ್ಟರು. ಶಸ್ತ್ರಗಳ ತುಕ್ಕು ತೆಗೆದು ಮಸೆದು ಹದಗೊಳಿಸುವುದನ್ನೇ ಕುಲಕಸುಬಾಗಿ ಹೊಂದಿದ್ದ ಮಿರಜದ ಶಿಕಲಗಾರರು, ಯುದ್ಧಗಳ ಕಾಲ ಮುಗಿದ ಮೇಲೆ ಅದೇ ಕೈಗಳಿಂದ ಸಿತಾರ್ ತಂಬೂರಿಗಳನ್ನು ಮಾಡಲು ಕಲಿತು, 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಊರಿಗೆ ತಂದರು. 1947ರಿಂದ ಸಾಂಗ್ಲಿಯಲ್ಲಿ ಎಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ಇಂಥ ನೆಲದಲ್ಲಿ ತಗಡನ್ನು ಬಡಿದು ಕಮಾನಿಗೆ ಬಗ್ಗಿಸಬಲ್ಲ ಮಿಸ್ತ್ರಿಗಳು ಕಡಿಮೆಯಾಗುತ್ತಿರುವುದಕ್ಕೆ ಕಾರಣ ಬುದ್ಧಿಯ ಕೊರತೆಯೆ? ಅಲ್ಲ. ಮಾಡಿಸುವವರು ಬೇಡವೆಂದರು, ಕೈ ಮರೆಯಿತು.

ಅವರ ಜಾಗಕ್ಕೆ ಬಂದಿರುವವನು ಹದಿನಾರು ಹದಿನೇಳು ವರ್ಷದ ಹುಡುಗ. ಅವನು ಕಲಿಯುವುದು ಪುಟ್ಟಿಯನ್ನು ಕಲಸುವುದನ್ನು ಮತ್ತು ಕಾಗದದಿಂದ ಉಜ್ಜುವುದನ್ನು. ಬೆಳಗಿನಿಂದ ಸಂಜೆಯವರೆಗೆ ಬಿಳಿಯ ಧೂಳಿನಲ್ಲಿ ಮುಖ ಹುಬ್ಬುಗಳೆಲ್ಲ ಮುಚ್ಚಿಹೋಗಿ ನಿಂತಿರುವ ಆ ಹುಡುಗನ ಮೂಗಿಗೆ ಒಂದು ಕರವಸ್ತ್ರವೂ ಇರುವುದಿಲ್ಲ. ರಾಳದಿಂದ ಏಳುವ ಸ್ಟೈರೀನಿನ ಆವಿ, ಉಜ್ಜಿದ ಪುಟ್ಟಿಯ ನುಣ್ಣನೆಯ ಹುಡಿ, ಗಟ್ಟಿಕಾರಕ ಬೆರೆಸಿದ ಬಣ್ಣದಿಂದ ಬರುವ, ಉಬ್ಬಸವನ್ನು ಹುಟ್ಟಿಸಬಲ್ಲ ಐಸೊಸಯನೇಟು, ಇವೆಲ್ಲವೂ ಅವನ ಎಳೆಯ ಶ್ವಾಸಕೋಶಗಳಿಗೆ ಇಳಿಯುತ್ತವೆ. ಹತ್ತು ವರ್ಷ ಹೀಗೆ ದುಡಿದ ಮೇಲೆ ಅವನ ಕೈಯಲ್ಲಿ ಉಳಿಯುವ ವಿದ್ಯೆಯಾದರೂ ಯಾವುದು? ಒಂದು ತಗಡನ್ನು ಬೆಸೆಯಲು ಅವನಿಗೆ ಬಾರದು, ಒಂದು ಅಂಚನ್ನು ಮಡಿಸಲು ಬಾರದು. ಸುಳ್ಳನ್ನು ನುಣುಪು ಮಾಡುವುದನ್ನು ಕಲಿಸಿ, ಬದಲಿಗೆ ಅವನ ಉಸಿರನ್ನು ಕಸಿದುಕೊಂಡ ವ್ಯವಸ್ಥೆಗೆ ಉದ್ಯೋಗದಾನವೆಂಬ ಹೆಸರನ್ನು ಇಡಲು ನಾಲಿಗೆ ಹೇಗೆ ಏಳುತ್ತದೆ?

ನಿಜವಾದ ದುರಸ್ತಿಯು ರಹಸ್ಯವೂ ಅಲ್ಲ, ಅಸಾಧ್ಯವೂ ಅಲ್ಲ. ಮೊದಲು ಸಣ್ಣ ಸುತ್ತಿಗೆಯಿಂದ ಇಡೀ ಮೈಯನ್ನು ತಟ್ಟಿ, ಸದ್ದು ಮಂದವಾದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಬೇಕು. ಬ್ಯಾಟರಿಯನ್ನು ಕಳಚಿ, ಸೀಟು, ಹಾಸು, ವೈರು, ಹತ್ತಿರದ ಇಂಧನದ ಕೊಳವೆಗಳನ್ನು ತೆಗೆದು ಬದಿಗಿಡಬೇಕು. ಗುರುತಿನಿಂದ ಇನ್ನೂ ಒಂದೆರಡು ಅಂಗುಲ ಆಚೆಗೆ, ಬೆಳ್ಳಗೆ ಹೊಳೆಯುವ ಲೋಹ ಸಿಗುವವರೆಗೆ, ನಿರ್ದಾಕ್ಷಿಣ್ಯವಾಗಿ ಕತ್ತರಿಸಬೇಕು. ತೆರೆದುಕೊಂಡ ಟೊಳ್ಳಿನೊಳಗಿನ ಹೂಳನ್ನು ಕೆರೆದು ತೊಳೆದು ಒಣಗಿಸಿ, ಕೆರೆಯಲು ಕೈ ಹೋಗದಲ್ಲಿ ಫಾಸ್ಫಾರಿಕ್ ಆಮ್ಲದ ದ್ರಾವಣವನ್ನು ಹಾಕಬೇಕು. ರಟ್ಟಿನಲ್ಲಿ ಅಳತೆಯ ಮಾದರಿಯನ್ನು ಕತ್ತರಿಸಿಕೊಂಡು, ಅದೇ ದಪ್ಪದ ಹೊಸ ತಗಡನ್ನು ಮೂಲೆಗಳು ದುಂಡಾಗಿರುವಂತೆ ಕಡಿದು, ಹಳೆಯದರ ಮೇಲೆ ಹೊದಿಸದೆ ಅಂಚಿಗೆ ಅಂಚು ಕೂಡುವಂತೆ ಕೂರಿಸಬೇಕು. ಒಂದರ ಮೇಲೊಂದು ಹೊದಿಸಿದ ಸಂದಿಯು ನಾಳಿನ ತುಕ್ಕಿನ ಮನೆ.

ಬೆಸೆಯುವಾಗ ಅನಿಲದ ದೊಡ್ಡ ಜ್ವಾಲೆಯನ್ನು ಹಿಡಿದರೆ ತೆಳುವಾದ ತಗಡು ಕಾದು ಸೊಟ್ಟಗಾಗುತ್ತದೆ. ಆದಕಾರಣ ತಂತಿ ಉಣಿಸುವ ಮಿಗ್ ಯಂತ್ರದಿಂದ ಇಲ್ಲೊಂದು ಅಲ್ಲೊಂದು ಚುಕ್ಕಿಯಿಟ್ಟು, ಆರಲು ಬಿಟ್ಟು, ನಡುವಿನ ಜಾಗಗಳನ್ನು ತಾಳ್ಮೆಯಿಂದ ತುಂಬುತ್ತ ಬರಬೇಕು. ಸತುವಿನ ಲೇಪವುಳ್ಳ ತಗಡಾದರೆ ಬೆಸುಗೆಯ ಅಂಚಿನಲ್ಲಿ ಸತುವನ್ನು ಮೊದಲೇ ಉಜ್ಜಿ ತೆಗೆಯಬೇಕು, ಅದರ ಹೊಗೆ ಜ್ವರ ಬರಿಸುತ್ತದೆ. ಬೆಸುಗೆಯನ್ನು ಸಮಮಾಡಿದ ಮೇಲೆ, ತೇವವನ್ನು ತಡೆಯಲಾರದ ಬರಿಯ ರೆಡ್ ಆಕ್ಸೈಡನ್ನು ನಂಬದೆ ಎಪಾಕ್ಸಿ ಪ್ರೈಮರನ್ನು ಹಚ್ಚಿ, ಸಂದುಗಳಿಗೆ ಸೀಲರ್ ತುಂಬಿ, ಆಮೇಲೆ ಬೇಕಾದರೆ ಕಾಗದದಷ್ಟು ತೆಳುವಾಗಿ ಪುಟ್ಟಿಯನ್ನು ಸವರಿ ಬಣ್ಣ ಹೊಡೆಯಬಹುದು. ಅಷ್ಟಕ್ಕೇ ಮುಗಿಯಲಿಲ್ಲ: ಟೊಳ್ಳುಗಳೊಳಗೆ ಮೇಣವನ್ನು ಚಿಮ್ಮಿಸಬೇಕು, ನೀರಿಳಿಯುವ ರಂಧ್ರಗಳು ತೆರೆದಿವೆಯೆಂದು ಕಡ್ಡಿ ಹಾಕಿ ನೋಡಬೇಕು. ಇಷ್ಟರಲ್ಲಿ ಯಾವ ಸಾಮಗ್ರಿಯು ಸಾಂಗ್ಲಿಯಲ್ಲಿ ಸಿಗದು? ಯಾವ ಯಂತ್ರವು ಕುಪವಾಡದಲ್ಲಿಲ್ಲ? ಇಲ್ಲದುದು ಸಂಕಲ್ಪ ಮಾತ್ರ.

ಆದುದರಿಂದ ಈ ಸೀಮೆಯ ಪ್ರತಿಯೊಬ್ಬರಲ್ಲಿಯೂ ನನ್ನ ಬೇಡಿಕೆಯಿದೆ. ಮಾಲಕರೇ, ಗ್ಯಾರೇಜಿಗೆ ಹೋದಾಗ ಬಣ್ಣದ ಬೆಲೆಯನ್ನು ಕೇಳುವುದನ್ನು ಬಿಡಿರಿ. ಕೊಳೆತುದನ್ನು ಕತ್ತರಿಸಿ ತೋರಿಸಿದ ಮೇಲೆಯೇ ಮುಂದಿನ ಕೆಲಸ ಎಂದು ಕರಾರು ಮಾಡಿರಿ, ಪ್ರೈಮರ್ ಹಚ್ಚುವ ಮೊದಲು ಬೆಸುಗೆಯನ್ನು ಕಣ್ಣಾರೆ ನೋಡಿರಿ. ಕೊಳ್ಳುವವರೇ, ಬಟ್ಟೆ ಸುತ್ತಿದ ಒಂದು ಸಣ್ಣ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರಿ; ಬಾಗಿಲ ಕೆಳಯಂಚಿನಲ್ಲಿ, ಚಕ್ರದ ಕಮಾನಿನಲ್ಲಿ, ಕ್ಯಾಬಿನ್ನಿನ ಮೂಲೆಯಲ್ಲಿ ಅದು ಕಚ್ಚದಿದ್ದರೆ ಅಲ್ಲಿ ಕಬ್ಬಿಣವಿಲ್ಲವೆಂದು ತಿಳಿದು ಹಿಂದಿರುಗಿರಿ. ಹಾಸನ್ನೆತ್ತಿ ನೆಲವನ್ನು ನೋಡಿರಿ, ಗಾಡಿಯ ಕೆಳಗೆ ಮಲಗಿ ನೋಡಲು ನಾಚಬೇಡಿರಿ. ಯೋಗ್ಯತೆಯನ್ನು ಪರೀಕ್ಷಿಸುವ ಅಧಿಕಾರದಲ್ಲಿರುವವರೇ, ಗಾಡಿಯ ತಳವನ್ನು ನೋಡದೆ, ಸೀಟು ಬೆಲ್ಟುಗಳ ಬುಡವನ್ನು ತಟ್ಟದೆ ರುಜು ಹಾಕಬೇಡಿರಿ. ಆ ರುಜುವಿನ ಮೇಲೆ ಭಾರವಿಟ್ಟು ಜನರು ಪ್ರಯಾಣ ಮಾಡುತ್ತಾರೆ. ಕೈಗಾರಿಕಾ ತರಬೇತಿಯ ಸಂಸ್ಥೆಗಳನ್ನು ನಡೆಸುವವರೇ, ತೆಳುವಾದ ತಗಡಿನ ಬೆಸುಗೆಯನ್ನೂ ತುಕ್ಕಿನ ರಸಾಯನವನ್ನೂ ಗ್ಯಾರೇಜಿನ ಹುಡುಗರಿಗೆ ಸಂಜೆಯ ತರಗತಿಗಳಲ್ಲಿ ಕಲಿಸಿರಿ, ಮುಖವಾಡವಿಲ್ಲದೆ ಉಜ್ಜುವುದು ನಿಷಿದ್ಧವೆಂದು ಬೋಧಿಸಿರಿ.

ಮಿಸ್ತ್ರಿಗಳೇ, ನಿಮ್ಮಲ್ಲಿ ನನಗೆ ವೈರವಿಲ್ಲ. ನಿಮ್ಮ ಕೈಗಳಿಂದಲೇ ಈ ಅನಾಚಾರವು ತೊಲಗಬೇಕು. ಮುಚ್ಚಿಕೊಡಿರೆಂದು ಬಂದವನನ್ನು ಬರಿಗೈಯಲ್ಲಿ ಕಳುಹಿಸುವ ಧೈರ್ಯವನ್ನು ಹತ್ತು ಗ್ಯಾರೇಜುಗಳು ಒಟ್ಟಾಗಿ ತೋರಿದರೆ, ಹನ್ನೊಂದನೆಯದು ಬಹುಕಾಲ ಸುಳ್ಳನ್ನು ಮಾರಲಾರದು. ಕೊಳೆತ ತಗಡನ್ನು ಕತ್ತರಿಸಿ ತೆಗೆದು ಅದರ ಜಾಗಕ್ಕೆ ಒಳ್ಳೆಯ ಲೋಹವನ್ನು ಬೆಸೆಯದ ಯಾವ ಕೆಲಸವೂ ದುರಸ್ತಿಯಲ್ಲ. ಅದನ್ನು ಮಾಡಬೇಡಿರಿ, ಮಾಡಿಸಬೇಡಿರಿ, ಒಪ್ಪಬೇಡಿರಿ, ಅದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿರಿ.